ಹೊಸ್ತಿಲಲ್ಲಿ ನಿಂತ ಅಪ್ಪ

ಶನಿವಾರ ಬೆಳಗ್ಗೆ ಬೆಂಗಳೂರಲ್ಲಿ ಬಸ್ಸು ಹತ್ತಿದರೆ ದಾಬಸ್‌ಪೇಟೆ, ಕೊರಟಗೆರೆ ದಾಟಿ ಮಧುಗಿರಿ ಸೇರೋ ಹೊತ್ತಿಗೆ ಅಮ್ಮ ಮಾಡಿಟ್ಟ ತಿಂಡಿ ಆರಿ ತಣ್ಣಗಾಗಿರುತ್ತೆ. ದೂರದಿಂದ ಏಕಶಿಲಾ ಬೆಟ್ಟ ಕಂಡ ಕೂಡಲೇ ಮನೆಗೆ ಬಂದಾಯ್ತು ಅನ್ನೋ ಸಮಾಧಾನ. ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಶನಿವಾರ ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ.

ಅವತ್ತು ನೆಂಟರ ಮದುವೆಗೆ ಹೊರಟಿದ್ದೆವು. ಆಟೋ ಬಾಗಿಲಿಗೆ ಬಂದು ನಿಂತಿತ್ತು. ಅಪ್ಪ ನಡುಮನೆಯಲ್ಲಿ ನಾಲ್ಕು ಹೆಜ್ಜೆ ಚೆನ್ನಾಗೇ ಹಾಕಿದರು. ಹೊಸ್ತಿಲ ಹತ್ತಿರ ಬಂದವರು ಹಾಗೇ ನಿಂತುಬಿಟ್ಟರು. ಮೈ ಮುಂದಕ್ಕೆ ಬಾಗಿದೆ, ಕೈ ಬಾಗಿಲ ಚೌಕಟ್ಟು ಹಿಡಿದಿದೆ, ಪಾದ ಮಾತ್ರ ಗೋಂದು ಹಾಕಿದ ಹಾಗೆ ನೆಲಕ್ಕೆ ಅಂಟಿಕೊಂಡಿದೆ. "ಅಪ್ಪಾ, ಬಾ, ಮುಹೂರ್ತ ಮೀರುತ್ತೆ" ಅಂದೆ. ಕಾಲು ಏಳಲಿಲ್ಲ. ಮಂಡಿ ಸಣ್ಣಗೆ ನಡುಗುತ್ತಿತ್ತು. "ಅದೇನು ನಾಟಕ ಆಡ್ತೀಯ, ನಡಿ!" ಅಂತ ರೇಗಿ ತೋಳು ಹಿಡಿದು ಎಳೆದೆ. ಅಪ್ಪ ಮಂಡಿ ಊರಿ ಬಿದ್ದರು. ಎದ್ದು ಕೂತು, ಪಂಚೆ ಸರಿ ಮಾಡಿಕೊಂಡು, "ಕಾಲು ಮಾತು ಕೇಳ್ತಿಲ್ಲ ಕಣಮ್ಮ" ಅಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದವರು. ಪಾವಗಡ, ಸಿರಾ, ಕೊರಟಗೆರೆ, ಕೊನೆಗೆ ಮಧುಗಿರಿ, ಹೀಗೆ ನಾಲ್ಕೂ ತಾಲ್ಲೂಕಿನ ಬೀದಿಗಳನ್ನು ಕಾಲಲ್ಲೂ ಸೈಕಲ್ಲಲ್ಲೂ ಅಳೆದವರು. ಪಾವಗಡದ ಬಿಸಿಲಲ್ಲಿ ಚಪ್ಪಲಿ ಹರಿದರೂ ಮನಿ ಆರ್ಡರ್ ತಡ ಆಗಬಾರದು ಅನ್ನುತ್ತಿದ್ದ ಮನುಷ್ಯ, ಸ್ವಂತ ಮನೆಯ ಮೂರಿಂಚಿನ ಹೊಸ್ತಿಲು ದಾಟಲಾರದೆ ನಿಂತರೆ ಯಾರಿಗೆ ತಾನೇ ಅರ್ಥವಾಗುತ್ತೆ?

ಮೊದಲು ಎಲ್ಲರೂ ಹೇಳಿದ್ದು ಒಂದೇ: "ಪಾವಗಡದ ನೀರಿನ ಪ್ರಭಾವ." ಅದು ಸುಮ್ಮನೆ ಹೇಳೋ ಮಾತಲ್ಲ. ನಮ್ಮ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಹಳೇ ಗೋಳು. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುತ್ತೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಹಲ್ಲು ಕಂದುಗಟ್ಟುತ್ತೆ, ಕೀಲು ಬಿಗಿಯುತ್ತೆ, ಬೆನ್ನು ಬಾಗುತ್ತೆ. ಆದರೆ ಕೀಲು ಬಿಗಿದವರಿಗೆ ಎಲ್ಲ ಕಡೆಯೂ ನಡೆಯೋದು ಕಷ್ಟ. ಅಪ್ಪನಿಗೆ ಹಾಗಲ್ಲ. ಬಯಲಲ್ಲಿ ನಡೆಯುತ್ತಾರೆ, ಬಾಗಿಲಲ್ಲಿ ನಿಲ್ಲುತ್ತಾರೆ. ಮಹಡಿ ಮೆಟ್ಟಿಲು ಸಲೀಸಾಗಿ ಹತ್ತುತ್ತಾರೆ, ಮೇಲೆ ಹೋಗಿ ತಿರುಗಬೇಕಾದಾಗ ಸಿಕ್ಕಿಹಾಕಿಕೊಳ್ಳುತ್ತಾರೆ. "ಮೆಟ್ಟಿಲು ಹತ್ತೋರಿಗೆ ನೆಲದ ಮೇಲೆ ನಡೆಯೋಕೇನು ಕಷ್ಟ?" ಅಂತ ನಮಗೆಲ್ಲ ಅನುಮಾನ. ಮೊದಲು ತೋರಿಸಿದ ಡಾಕ್ಟರು ನರ ವೀಕ್ ಅಂತ ಶಕ್ತಿ ಇಂಜೆಕ್ಷನ್ ಬರೆದರು. ಎಂಟು ತಿಂಗಳು ಅದರಲ್ಲೇ ಕಳೆಯಿತು.

ಕೊನೆಗೆ ಬೆಂಗಳೂರಿನ ನರರೋಗ ತಜ್ಞರೊಬ್ಬರು ಅಪ್ಪನನ್ನು ಕಾರಿಡಾರಿನಲ್ಲಿ ನಡೆಸಿದರು, ತಿರುಗಿಸಿದರು, ಬಾಗಿಲು ದಾಟಿಸಿದರು. ನಡೆಯುವಾಗ ಬಲಗೈ ಬೀಸುತ್ತಿಲ್ಲ ಅನ್ನೋದನ್ನು ತೋರಿಸಿದರು. ನಾನು ಗಮನಿಸಿಯೇ ಇರಲಿಲ್ಲ. ಒಂದು ಕಾಗದದ ಮೇಲೆ ನಾಲ್ಕು ಸಾಲು ಬರೆಯಲು ಹೇಳಿದರು. ಮೊದಲ ಸಾಲಿನ ದುಂಡು ಅಕ್ಷರ ನಾಲ್ಕನೇ ಸಾಲಿಗೆ ಸಾಸಿವೆ ಕಾಳಾಗಿತ್ತು. "ಕಾಲು ಗಟ್ಟಿಯಾಗೇ ಇದೆಯಮ್ಮ, ಕಾಲಿಗೆ ಹೋಗಬೇಕಾದ ಮಾತು ದಾರೀಲಿ ನಿಲ್ತಿದೆ" ಅಂದರು. ಕಾಯಿಲೆಯ ಹೆಸರು ಪಾರ್ಕಿನ್ಸನ್. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ ಇದರ ಬಗ್ಗೆ ಬರೆದ ಪ್ರಬಂಧದಿಂದ ಬಂದ ಹೆಸರು. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸೋ ಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗೋದು ಇದರ ಮೂಲ. ಕೈ ನಡುಗಿದರೆ ಮಾತ್ರ ಪಾರ್ಕಿನ್ಸನ್ ಅಂದುಕೊಂಡಿದ್ದೆ. ನಡಿಗೆ ಹೀಗೆ ಇದ್ದಕ್ಕಿದ್ದಂತೆ ಹೆಪ್ಪುಗಟ್ಟೋದೂ ಅದರದ್ದೇ ಒಂದು ಮುಖವಂತೆ.

ನಾನು ಓದಿದ್ದು ಎಂಜಿನಿಯರಿಂಗ್. ಕೋಡ್ ಎಲ್ಲಿ ಕೆಟ್ಟಿದೆ ಅಂತ ಹುಡುಕದೆ ನಿದ್ದೆ ಬಾರದ ಜಾತಿ. ನಡಿಗೆಯನ್ನು ನಡೆಸೋರು ಯಾರು ಅಂತ ರಾತ್ರಿ ಕೂತು ಓದತೊಡಗಿದೆ.

ನಮ್ಮೂರ ದಂಡಿನ ಮಾರಮ್ಮನ ಜಾತ್ರೆ ಕಾಲದಲ್ಲಿ ಕೋಳಿ ಕುಯ್ಯೋದನ್ನು ನೋಡಿದವರಿಗೆ ಮೊದಲ ಪಾಠ ಗೊತ್ತೇ ಇದೆ. ತಲೆ ಹೋದ ಕೋಳಿಯೂ ಒಂದಿಷ್ಟು ದೂರ ಓಡಿಬಿಡುತ್ತೆ. ಅಂದರೆ ಎಡಗಾಲು, ಬಲಗಾಲು ಅನ್ನೋ ತಾಳ ಇರೋದು ತಲೆಯಲ್ಲಲ್ಲ, ಬೆನ್ನುಹುರಿಯಲ್ಲಿ. 1911ರಲ್ಲೇ ಗ್ರಹಾಂ ಬ್ರೌನ್ ಎಂಬ ವಿಜ್ಞಾನಿ ಬೆಕ್ಕುಗಳಲ್ಲಿ ಇದನ್ನು ತೋರಿಸಿದ್ದರು. 1966ರಲ್ಲಿ ಮಾಸ್ಕೋದ ಶಿಕ್, ಸೆವೆರಿನ್, ಒರ್ಲೋವ್‌ಸ್ಕಿ ಎಂಬ ಮೂವರು ಒಂದು ಹೆಜ್ಜೆ ಮುಂದೆ ಹೋದರು. ಬೆಕ್ಕಿನ ಮಿದುಳಿನ ಮೇಲ್ಭಾಗದ ಸಂಪರ್ಕ ತಪ್ಪಿಸಿ, ನಡುಮಿದುಳಿನ ಒಂದು ಪುಟ್ಟ ಜಾಗಕ್ಕೆ ಸಣ್ಣಗೆ ಕರೆಂಟ್ ಕೊಟ್ಟರು. ಬೆಕ್ಕು ಟ್ರೆಡ್‌ಮಿಲ್ ಮೇಲೆ ನಡೆಯಿತು. ಕರೆಂಟ್ ಹೆಚ್ಚಿಸಿದರೆ ಓಡಿತು, ಇನ್ನೂ ಹೆಚ್ಚಿಸಿದರೆ ನಾಗಾಲೋಟ! ನಡಿಗೆಗೆ ಅಂತಲೇ ಒಂದು ಸ್ವಿಚ್ಚು ಇದ್ದ ಹಾಗೆ.

ಸರಿ, ತಾಳ ಬೆನ್ನುಹುರಿಯಲ್ಲಿ, ಸ್ವಿಚ್ಚು ನಡುಮಿದುಳಿನಲ್ಲಿ. ಆದರೆ ಸ್ವಿಚ್ಚು ಒತ್ತೋರು ಯಾರು? ಎಲ್ಲಿಗೆ ಹೋಗಬೇಕು, ಬಾಗಿಲು ಎಷ್ಟು ಅಗಲ, ಎಲ್ಲಿ ತಿರುಗಬೇಕು ಅಂತ ಲೆಕ್ಕ ಹಾಕೋರು ಯಾರು? ಅದು ಮೇಲಿನ ಮಿದುಳಿನ ಕೆಲಸ. ನೋಡೋಣ ಅಂದರೆ ಒಂದು ಫಜೀತಿ ಇದೆ. ಕೆಲಸ ಮಾಡುತ್ತಿರೋ ಮಿದುಳಿನ ಚಿತ್ರ ತೆಗೆಯೋ ಎಂಆರ್‌ಐ ಯಂತ್ರದಲ್ಲಿ ಅಲ್ಲಾಡದೆ ಮಲಗಬೇಕು. ಮಲಗಿರೋರು ನಡೆಯೋದು ಹೇಗೆ?

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟವಾಯ್ತು. ಮಲಗಿ, ಕಣ್ಣು ಮುಚ್ಚಿ, ನಡೆಯುತ್ತಿದ್ದೀರಿ ಅಂತ ಕಲ್ಪಿಸಿಕೊಳ್ಳಿ. ಅಷ್ಟೇ!

ಕಲ್ಪನೆಗೂ ನಿಜಕ್ಕೂ ಏನು ಸಂಬಂಧ ಅಂತ ನಿಮಗೂ ಅನ್ನಿಸಬಹುದು, ನನಗೂ ಅನ್ನಿಸಿತ್ತು. 1989ರಲ್ಲಿ ಫ್ರಾನ್ಸಿನ ಜೀನ್ ಡೆಸೆಟಿ, ಮಾರ್ಕ್ ಜೀನರೋ ಮತ್ತು ಸಂಗಡಿಗರು ಕೆಲವರಿಗೆ 5, 10, 15 ಮೀಟರ್ ದೂರದ ಗುರುತು ತೋರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ ನಡೆಯಲು ಹೇಳಿದರು. ಆಮೇಲೆ ಅದೇ ದೂರವನ್ನು ಮನಸ್ಸಿನಲ್ಲೇ ನಡೆಯಲು ಹೇಳಿದರು. ಎರಡಕ್ಕೂ ಹಿಡಿದ ಸಮಯ ಹೆಚ್ಚುಕಡಿಮೆ ಒಂದೇ. 1991ರಲ್ಲಿ ಇನ್ನೊಂದು ಪ್ರಯೋಗ. ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದೇನೆ ಅಂತ ಬರೀ ಕಲ್ಪಿಸಿಕೊಂಡವರ ಎದೆಬಡಿತ, ಉಸಿರಾಟ ಎರಡೂ ಏರಿದವು. ಕಲ್ಪನೆಯ ವೇಗ ಹೆಚ್ಚಿದಷ್ಟೂ ಏರಿಕೆ ಹೆಚ್ಚು. 1995ರಲ್ಲಿ ಮನಸ್ಸಿನಲ್ಲೇ ಬೇರೆಬೇರೆ ಅಗಲದ ದ್ವಾರ ದಾಟಲು ಹೇಳಿದಾಗ, ದ್ವಾರ ಕಿರಿದಾದಷ್ಟೂ ಜನ ನಿಧಾನವಾದರು. ಕಲ್ಪನೆಯ ಬಾಗಿಲಿಗೆ ಯಾರ ಭುಜವೂ ತಾಗೋದಿಲ್ಲ, ಆದರೂ ಮಿದುಳು ಹುಷಾರಾಗಿ ಹೋಗುತ್ತೆ!

ಬೇಕಿದ್ದರೆ ನೀವೇ ಮಾಡಿ ನೋಡಿ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ, ಕಣ್ಣು ಮುಚ್ಚಿ, ಅಡುಗೆಮನೆಯಿಂದ ಗೇಟಿನ ತನಕ ಮನಸ್ಸಲ್ಲೇ ಒಂದೊಂದೇ ಹೆಜ್ಜೆ ನಡೆದು ನಿಲ್ಲಿಸಿ. ಆಮೇಲೆ ಎದ್ದು ನಡೆಯಿರಿ. ನನಗೆ ಮನಸ್ಸಲ್ಲಿ 14 ಸೆಕೆಂಡು, ನಿಜದಲ್ಲಿ 15. ಅಮ್ಮನಿಗೆ ಮನಸ್ಸಲ್ಲಿ 40. "ದಾರೀಲಿ ಒಲೆ ಆರಿಸಿದ್ದೀನಾ ಅಂತ ನೋಡ್ಕೊಂಡು ಬಂದೆ" ಅಂದರು.

ಅಪ್ಪನಿಗೂ ಹೇಳಿದೆ. ಕಣ್ಣು ಮುಚ್ಚಿ ಕೂತವರು ನಡುವೆ ಒಂದು ಕಡೆ ಮುಖ ಬಿಗಿ ಮಾಡಿದರು. ಕಣ್ಣು ಬಿಟ್ಟ ಮೇಲೆ "ಹೊಸ್ತಿಲ ಹತ್ರ ಒಂಚೂರು ನಿಂತ್ಕೊಂಡೆ ಕಣಮ್ಮ" ಅಂದರು. ನನಗೆ ಮಾತೇ ಹೊರಡಲಿಲ್ಲ. ಕೂತಲ್ಲೇ ಕೂತಿದ್ದಾರೆ, ಕಾಲಿಗೆ ಕೆಲಸವೇ ಇಲ್ಲ, ಆದರೂ ಅದೇ ಜಾಗದಲ್ಲಿ ನಿಂತಿದ್ದಾರೆ. ಕಾಲಿನ ದೋಷವಲ್ಲ, ಸೋಮಾರಿತನವಲ್ಲ, ನಾಟಕವಂತೂ ಅಲ್ಲವೇ ಅಲ್ಲ ಅಂತ ನನಗೆ ಒಳಗಿನಿಂದ ಅರ್ಥವಾಗಿದ್ದು ಆ ಕ್ಷಣ. ಆಮೇಲೆ ಓದುವಾಗ ಇದಕ್ಕೆ ಹತ್ತಿರದ್ದೇ ಒಂದು ಅಧ್ಯಯನ ಸಿಕ್ಕಿತು. ದೇಹದ ಒಂದೇ ಬದಿಗೆ ಪಾರ್ಕಿನ್ಸನ್ ತಗುಲಿದವರು ಬೆರಳಾಡಿಸೋದನ್ನು ಕಲ್ಪಿಸಿಕೊಂಡಾಗ, ಕಾಯಿಲೆಯ ಕೈ ಕಲ್ಪನೆಯಲ್ಲೂ ನಿಧಾನವಾಗಿತ್ತು ಅಂತ 1995ರಲ್ಲೇ ಗುರುತಿಸಿದ್ದಾರೆ.

ಇನ್ನು ಯಂತ್ರದೊಳಗೆ ಏನು ಕಂಡಿತು? ಜರ್ಮನಿಯ ಮ್ಯೂನಿಕ್‌ನಲ್ಲಿ ಕ್ಲಾಸ್ ಯಾನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರು ಮಲಗಿಕೊಂಡು ನಿಲ್ಲೋದು, ನಡೆಯೋದು, ಓಡೋದು ಮೂರನ್ನೂ ಕಲ್ಪಿಸಿಕೊಂಡರು. ನಡಿಗೆಯ ಕಲ್ಪನೆಯಲ್ಲಿ ದೃಶ್ಯಕ್ಕೆ ಸಂಬಂಧಿಸಿದ ಭಾಗಗಳು, ದಾರಿ-ಜಾಗ ನೆನಪಿಟ್ಟುಕೊಳ್ಳೋ ಭಾಗ ಮತ್ತು ಶಾಲೆಯಲ್ಲಿ ಅನುಮಸ್ತಿಷ್ಕ ಅಂತ ಓದಿದ್ದೆವಲ್ಲ, ತಲೆಯ ಹಿಂಬದಿಯ ಆ ಪುಟ್ಟ ಮಿದುಳು, ಇವೆಲ್ಲ ಚುರುಕಾದವು. ತಮಾಷೆ ಅಂದರೆ ಓಟದ ಕಲ್ಪನೆಯಲ್ಲಿ ದಾರಿ ನೋಡೋ ಭಾಗಗಳ ಕೆಲಸ ಕಮ್ಮಿ, ಅನುಮಸ್ತಿಷ್ಕದ್ದೇ ಮುಖ್ಯ ಪಾತ್ರ. ನಿಧಾನ ನಡಿಗೆಯಲ್ಲೇ ಮಿದುಳು ಹೆಚ್ಚು ಸುತ್ತಮುತ್ತ ನೋಡುತ್ತೆ.

ಕಲ್ಪನೆಯ ನಡಿಗೆ, ನಿಜದ ನಡಿಗೆ ಎರಡೂ ಒಂದೇನಾ? ಪೂರ್ತಿ ಅಲ್ಲ. ಅದೇ ಊರಿನವರು 2010ರಲ್ಲಿ ಅದನ್ನೂ ನೋಡಿದರು. ಮೊದಲು ವಿಕಿರಣ ಹೊಮ್ಮಿಸೋ ಸಕ್ಕರೆ ಅಂಶದ ಇಂಜೆಕ್ಷನ್ ಕೊಟ್ಟು ಜನರನ್ನು ನಿಜವಾಗಿಯೇ ನಡೆಸಿದರು. ನಡೆಯುವಾಗ ದುಡಿದ ಮಿದುಳಿನ ಭಾಗ ಆ ಸಕ್ಕರೆ ಹೀರಿಕೊಂಡಿರುತ್ತೆ, ಆಮೇಲೆ ಮಲಗಿಸಿ ಚಿತ್ರ ತೆಗೆದರೆ ಗುರುತು ಸಿಗುತ್ತೆ. ನಿಜದ ನಡಿಗೆಯಲ್ಲಿ ಸ್ನಾಯುಗಳಿಗೆ ನೇರ ಆಜ್ಞೆ ಕೊಡೋ ಭಾಗ ಮುಂದಿತ್ತು. ಕಲ್ಪನೆಯ ನಡಿಗೆಯಲ್ಲಿ ಯೋಜನೆ ಹಾಕೋ ಭಾಗವೂ ಮಿದುಳಿನಾಳದ ಬೇಸಲ್ ಗ್ಯಾಂಗ್ಲಿಯಾವೂ ಮುಂದಿದ್ದವು. ಉಳಿದಂತೆ ಎರಡೂ ಬಹುಮಟ್ಟಿಗೆ ಒಂದೇ ಜಾಲ.

ಈ ಬೇಸಲ್ ಗ್ಯಾಂಗ್ಲಿಯಾ ಅನ್ನೋದೇ ಡೋಪಮೈನ್ ನಂಬಿಕೊಂಡು ಬದುಕೋ ಜಾಗ. ಯೋಚನೆಯಿಲ್ಲದೆ ತನ್ನಷ್ಟಕ್ಕೆ ನಡೆಯೋ ಕೆಲಸಗಳಿಗೆ ಅದು ಮೇಸ್ತ್ರಿ. ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿ ಅಪ್ಪನಂಥ ರೋಗಿಗಳನ್ನೇ ಮಲಗಿಸಿ ನಡಿಗೆ ಕಲ್ಪಿಸಿಕೊಳ್ಳಲು ಹೇಳಿದರು. ಅದು ಪ್ರಕಟವಾದದ್ದು 2011ರಲ್ಲಿ. ನಡಿಗೆ ಹೆಪ್ಪುಗಟ್ಟೋ ತೊಂದರೆ ಇದ್ದವರಲ್ಲಿ ಮೇಲಿನ ಯೋಜನೆಯ ಭಾಗಗಳು ಸಪ್ಪೆಯಾಗಿದ್ದವು, ನಡುಮಿದುಳಿನ ಆ ಸ್ವಿಚ್ಚು ಮಾತ್ರ ಜಾಸ್ತಿ ದುಡಿಯುತ್ತಿತ್ತು. ನನಗೆ ಅರ್ಥವಾದ ಹಾಗೆ ಹೇಳೋದಾದರೆ, ಆಫೀಸರು ರಜೆಯಲ್ಲಿದ್ದಾರೆ, ಇದ್ದೊಬ್ಬ ಗುಮಾಸ್ತ ಎಲ್ಲ ಫೈಲೂ ತಾನೇ ನೋಡುತ್ತಿದ್ದಾನೆ. ದಿನಾ ನಡೆಯೋ ಕೆಲಸ ಹೇಗೋ ನಡೆಯುತ್ತೆ. ಕಿರಿದಾದ ಬಾಗಿಲು, ತಿರುವು, ಹಿಂದಿನಿಂದ ಯಾರೋ ಕೂಗೋದು, ಇವೆಲ್ಲ ಒಟ್ಟಿಗೆ ಬಂದರೆ ಆಫೀಸೇ ನಿಂತುಹೋಗುತ್ತೆ. ಅಂದರೆ ಅವತ್ತು ಹೊಸ್ತಿಲಲ್ಲಿ ನಾನು ಕೂಗಿದ್ದು ಅಪ್ಪನಿಗೆ ಸಹಾಯವಾಗಿರಲಿಲ್ಲ, ಇನ್ನೊಂದು ಫೈಲು ತಂದು ಮೇಜಿನ ಮೇಲೆ ಎಸೆದ ಹಾಗಾಗಿತ್ತು.

ಹಾಗಾದರೆ ಮೆಟ್ಟಿಲು ಹೇಗೆ ಹತ್ತುತ್ತಾರೆ? ಇದಕ್ಕೂ ಉತ್ತರ ಇದೆ. ತನ್ನಷ್ಟಕ್ಕೆ ನಡೆಯೋ ದಾರಿ ಕೆಟ್ಟಿದ್ದರೂ, ಕಣ್ಣಿಂದ ನೋಡಿ ಗುರಿಯಿಟ್ಟು ಹೆಜ್ಜೆ ಇಡೋ ಇನ್ನೊಂದು ದಾರಿ ಮಿದುಳಲ್ಲಿದೆ. ಮೆಟ್ಟಿಲು ಒಂದೊಂದೂ ಕಣ್ಣಿಗೆ ಗುರಿ. ನುಣ್ಣನೆ ನೆಲದಲ್ಲಿ ಗುರಿಯೇ ಇಲ್ಲ. ಲಂಡನ್ನಿನ ಪರ್ಡನ್ ಮಾರ್ಟಿನ್ ಎಂಬ ವೈದ್ಯರು 1967ರಷ್ಟು ಹಿಂದೆಯೇ, ನೆಲದ ಮೇಲೆ ಅಡ್ಡಗೆರೆ ಎಳೆದರೆ ಇಂಥ ರೋಗಿಗಳು ಗೆರೆ ದಾಟಿಕೊಂಡು ಸಲೀಸಾಗಿ ನಡೆಯೋದನ್ನು ಬರೆದಿದ್ದಾರೆ. ನೈಮೇಗನ್‌ನ ವೈದ್ಯರೇ 2010ರಲ್ಲಿ ವರದಿ ಮಾಡಿದ 58 ವರ್ಷದ ರೋಗಿಯೊಬ್ಬರು ನಾಲ್ಕು ಹೆಜ್ಜೆ ನಡೆಯಲಾರದೆ ಬೀಳುತ್ತಿದ್ದರು, ಆದರೆ ಸೈಕಲ್ ಹತ್ತಿಸಿದರೆ ಆರಾಮಾಗಿ ತುಳಿಯುತ್ತಿದ್ದರು! ಇದನ್ನು ಓದಿ ಹೇಳಿದಾಗ ಅಪ್ಪನ ಕಣ್ಣು ಮೂಲೆಯಲ್ಲಿದ್ದ ಹಳೇ ಸೈಕಲ್ ಕಡೆ ಹೋಯಿತು. ಅಮ್ಮನ ಕಣ್ಣು ನನ್ನ ಕಡೆ ಬಂತು. ಸೈಕಲ್ ವಿಷಯ ಅಲ್ಲಿಗೇ ಮುಗಿಯಿತು. ಬಿದ್ದರೆ ಮೂಳೆ ಮುರಿಯುತ್ತೆ, ಆದ್ದರಿಂದ ನೀವೂ ಡಾಕ್ಟರನ್ನು ಕೇಳದೆ ಅಂಥ ಸಾಹಸಕ್ಕೆ ಹೋಗಬೇಡಿ.

ಗೆರೆ ಮಾತ್ರ ಎಳೆದೆವು. ಅಮ್ಮ ಮೊದಲು ರಂಗೋಲಿ ಪುಡಿಯಲ್ಲೇ ನಡುಮನೆಯಿಂದ ಹೊಸ್ತಿಲ ತನಕ ಅಡ್ಡಗೆರೆ ಹಾಕಿದರು. ಅಪ್ಪ ಅದರ ಮುಂದೆ ನಿಂತು "ರಂಗೋಲಿ ತುಳಿಯೋದಾ?" ಅಂದರು. ಕೊನೆಗೆ ಎಲೆಕ್ಟ್ರಿಕಲ್ ಅಂಗಡಿಯಿಂದ ಹಳದಿ ಟೇಪ್ ತಂದು, ಫಿಸಿಯೋಥೆರಪಿಸ್ಟ್ ಹೇಳಿದ ಅಳತೆಯಲ್ಲಿ, ಅಪ್ಪನ ಒಂದು ಹೆಜ್ಜೆಗೆ ಒಂದರಂತೆ ಅಂಟಿಸಿದೆವು. ನಡುಮನೆ, ಬಚ್ಚಲ ಬಾಗಿಲು, ಹೊಸ್ತಿಲ ಎರಡೂ ಕಡೆ. ಅಪ್ಪ ಮೊದಲ ಗೆರೆ ನೋಡಿದರು, ಕಾಲೆತ್ತಿದರು, ದಾಟಿದರು. ಎರಡನೇದು, ಮೂರನೇದು. ಹೊಸ್ತಿಲೂ ಒಂದು ಗೆರೆ ಅನ್ನೋ ಹಾಗೆ ದಾಟಿ ಜಗಲಿಗೆ ಹೋಗಿ ಕೂತರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು.

ಇನ್ನೊಂದು ಅಭ್ಯಾಸ ಅಪ್ಪನೇ ಮಾಡಿಕೊಂಡದ್ದು. ಕುರ್ಚಿಯಿಂದ ಏಳೋ ಮುಂಚೆ ಅರೆಕ್ಷಣ ಕಣ್ಣು ಮುಚ್ಚಿ, ಹೋಗಬೇಕಾದ ದಾರಿ ಮನಸ್ಸಲ್ಲೇ ನಡೆದು ನೋಡುತ್ತಾರೆ. "ಬೀಟ್‌ಗೆ ಹೊರಡೋ ಮುಂಚೆ ಕಾಗದ ಜೋಡಿಸ್ಕೊತಿದ್ವಲ್ಲ, ಹಾಗೇ" ಅನ್ನುತ್ತಾರೆ. ಪೋಸ್ಟ್‌ಮ್ಯಾನ್ ಮೊದಲು ಮೇಜಿನ ಮೇಲೇ ಬೀದಿಯ ಅನುಕ್ರಮದಲ್ಲಿ ಕಾಗದ ಜೋಡಿಸಬೇಕು. ಅಂದರೆ ಹೊರಡೋ ಮುಂಚೆಯೇ ಒಂದು ಸಲ ಇಡೀ ಊರು ಮನಸ್ಸಲ್ಲಿ ಸುತ್ತಿ ಬಂದಿರಬೇಕು. ಮ್ಯೂನಿಕ್‌ನವರು ಯಂತ್ರದಲ್ಲಿ ಮಾಡಿಸಿದ್ದನ್ನು ಅಪ್ಪ ವರ್ಷಗಟ್ಟಲೆ ಅಂಚೆ ಕಚೇರಿಯಲ್ಲಿ ಮಾಡಿದ್ದರು! ಈಗಲೂ ಸಂಜೆ ಹೊತ್ತು ಸಿರಾದ ಪೇಟೆ ಬೀದಿ, ಕೊರಟಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿ, ಪಾವಗಡದ ಕೋಟೆ ಬುಡದ ಮನೆಗಳು ಅಂತ ಒಂದೊಂದು ದಿನ ಒಂದೊಂದು ಬೀಟ್ ಕಣ್ಣು ಮುಚ್ಚಿ ನಡೆಯುತ್ತಾರೆ. ಯಾರ ಮನೆ ನಾಯಿ ಕಚ್ಚುತ್ತಿತ್ತು ಅನ್ನೋದೂ ನೆನಪಿದೆ.

ಕಾಯಿಲೆ ವಾಸಿಯಾಯ್ತು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಪಾರ್ಕಿನ್ಸನ್ ಪೂರ್ತಿ ಹೋಗೋ ಕಾಯಿಲೆ ಅಲ್ಲ. ಲೆವೊಡೋಪಾ ಮಾತ್ರೆ ಗಂಟೆ ತಪ್ಪದೆ ನುಂಗಬೇಕು. ಮಾತ್ರೆಯ ಪ್ರಭಾವ ಇಳಿದ ಹೊತ್ತಲ್ಲಿ ಗೆರೆ ಇದ್ದರೂ ಕಾಲು ನಿಲ್ಲುತ್ತೆ. ಕಲ್ಪನೆಯ ಅಭ್ಯಾಸ ಔಷಧಿಗೆ ಬದಲಿ ಅಲ್ಲ. ಊರವರು "ನಸುಗುನ್ನಿ ಬೀಜ ಕೊಡಿ" ಅಂತಾರೆ. ಅದರಲ್ಲಿ ಲೆವೊಡೋಪಾ ಇರೋದು ನಿಜ, 1937ರಲ್ಲೇ ನಮ್ಮ ದೇಶದ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದ್ದರು. ಆದರೆ ಮಾತ್ರೆಯ ಜೊತೆ ಅಳತೆ ಗೊತ್ತಿಲ್ಲದೆ ಪುಡಿ ತಿಂದರೆ ಅಪಾಯ. ಮನೆಯಲ್ಲಿ ಯಾರಾದರೂ ಬಾಗಿಲಲ್ಲಿ, ತಿರುವಿನಲ್ಲಿ ನಿಂತುಬಿಡುತ್ತಿದ್ದರೆ, ಕೈ ಬೀಸು ಕಮ್ಮಿಯಾಗಿದ್ದರೆ, ಅಕ್ಷರ ಸಣ್ಣದಾಗುತ್ತಿದ್ದರೆ ನಮ್ಮ ಹಾಗೆ ಎಂಟು ತಿಂಗಳು ಕಳೆಯಬೇಡಿ. ನಿಮ್ಹಾನ್ಸ್‌ಗೋ ಹತ್ತಿರದ ನರರೋಗ ತಜ್ಞರಿಗೋ ಒಮ್ಮೆ ತೋರಿಸಿ.

ಹೋದ ತಿಂಗಳು ಅಪ್ಪನನ್ನು ದಂಡಿನ ಮಾರಮ್ಮನ ಗುಡಿಗೆ ಕರೆದುಕೊಂಡು ಹೋಗಿದ್ದೆ. ಗುಡಿಯ ಬಾಗಿಲಲ್ಲಿ ಜನ ಜಾಸ್ತಿ. ಅಪ್ಪ ನಿಂತುಬಿಟ್ಟರು. ಹಿಂದಿನಿಂದ "ಜರುಗ್ರೀ ಯಜಮಾನ್ರೇ" ಅಂತ ಕೂಗು. ಅಲ್ಲಿ ಟೇಪ್ ಇಲ್ಲ, ಗೆರೆ ಇಲ್ಲ. ಹಿಂದಿದ್ದವರಿಗೆ ಕೈ ಸನ್ನೆ ಮಾಡಿ ತಡೆದೆ. ಏನೂ ಮಾತಾಡದೆ ಪಕ್ಕಕ್ಕೆ ನಿಂತು, ನನ್ನ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟೆ. ಫಿಸಿಯೋಥೆರಪಿಸ್ಟ್ ಕಲಿಸಿದ್ದು.

ಅಪ್ಪ ಕೆಳಗೆ ನೋಡಿದರು. "ಮಗಳ ಕಾಲು ದಾಟ್ಬೇಕಾ?" ಅಂದರು.

"ಗೆರೆ ಅಂದ್ಕೋ ಅಪ್ಪ, ನಿಧಾನ, ಹೊತ್ತಿದೆ" ಅಂದೆ.

ಕಾಲೆತ್ತಿ ದಾಟಿದರು.